ಉತ್ತರವಿಲ್ಲದ ಅಗಲಿಕೆ

ಸಾವು ಸಂಭವಿಸಿದ ಮನೆಗೆ ಹೇಗೆ ಹೋಗಬೇಕು, ಅಲ್ಲಿ ಏನು ಮಾತನಾಡಬೇಕು ಎಂಬುದನ್ನು ಹಿರಿಯರು ಸಂಪ್ರದಾಯದ ಮೂಲಕ ಕಲಿಸಿಹೋಗಿದ್ದಾರೆ. ಹತ್ತನೆಯ ದಿನ, ಹದಿಮೂರನೆಯ ದಿನ, ವರ್ಷಾಂತ್ಯ ಎಂದು ದುಃಖಕ್ಕೂ ಒಂದು ಪಂಚಾಂಗವಿದೆ. ಆದರೆ ಶಾಲೆಗೆಂದು ಹೊರಟ ಮಗು ಹಿಂತಿರುಗದೆ, ಸತ್ತಿತೆಂದು ಹೇಳಲಾಗದೆ, ಬದುಕಿದೆಯೆಂದು ನಂಬಲೂ ಆಗದೆ ವರ್ಷಗಳು ಉರುಳಿದರೆ ಆ ಮನೆಯವರು ಯಾವ ಪಂಚಾಂಗವನ್ನು ನೋಡಬೇಕು? ದೇಶಾಂತರ ಹೋಗಿ ಸುದ್ದಿಯಿಲ್ಲದವರಿಗಾಗಿ ಹನ್ನೆರಡು ವರ್ಷ ಕಾಯಬೇಕೆಂದಿತು ಧರ್ಮಶಾಸ್ತ್ರ. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಮರಣವನ್ನು ಊಹಿಸಬಹುದೆಂದಿತು ನಮ್ಮ ಸಾಕ್ಷ್ಯ ಕಾನೂನು. ತಾಯಿಯ ಮನಸ್ಸು ಈ ಎರಡು ಲೆಕ್ಕಗಳಿಗೂ ಒಪ್ಪುವುದಿಲ್ಲ.

ನೆರೂಳ ನಿಲ್ದಾಣದ ಜನಜಂಗುಳಿಯಲ್ಲಿ ದಿನನಿತ್ಯ ಓಡಾಡುವವರು ಇಂತಹ ದುರಂತವನ್ನು ದೂರದ ಸಂಗತಿಯೆಂದು ತಿಳಿಯಲಾಗದು. ಇಲ್ಲಿಂದ ಪನವೇಲ, ಠಾಣೆ, ಉರಣ ಮತ್ತು ಮುಂಬಯಿಯ ಕಡೆಗೆ ಗಾಡಿಗಳು ಹೊರಡುತ್ತವೆ. ಕೈ ತಪ್ಪಿದ ಮಗುವೊಂದು ಅರ್ಧ ತಾಸಿನೊಳಗೆ ಬೇರೊಂದು ನಗರದ, ಬೇರೊಂದು ಪೋಲೀಸು ಆಡಳಿತದ ಎಲ್ಲೆಯಲ್ಲಿರಬಹುದು. ಊರಿನಲ್ಲಾದರೆ ಅಜ್ಜಿಯೋ ಚಿಕ್ಕಮ್ಮನೋ ಮನೆಯಲ್ಲಿರುತ್ತಿದ್ದರು. ತಂದೆತಾಯಿ ಇಬ್ಬರೂ ದುಡಿಯಲು ಹೋಗುವ ವಲಸೆಗಾರರ ಸಂಸಾರಗಳಲ್ಲಿ, ಅದರಲ್ಲೂ ಕಟ್ಟಡ ಕೆಲಸದ ಸ್ಥಳಗಳಲ್ಲಿಯೇ ಬಿಡಾರ ಹೂಡಿದ ಕುಟುಂಬಗಳಲ್ಲಿ, ಮಗುವಿನ ಮೇಲೆ ಕಣ್ಣಿಡಲು ನೆರೆಯವರೇ ಗತಿ.

ಅಂಧೇರಿಯ ಒಂಬತ್ತು ವರ್ಷ

2013ರ ಜನವರಿ 22ರಂದು ಮುಂಬಯಿಯ ಪಶ್ಚಿಮ ಅಂಧೇರಿಯಲ್ಲಿ ಶಾಲೆಗೆ ಹೊರಟ ಏಳು ವರ್ಷದ ಬಾಲಕಿಯೊಬ್ಬಳು ಮನೆಗೆ ಮರಳಲಿಲ್ಲ. ಬಡ ಕುಟುಂಬ; ಆದರೆ ನೆರೆಹೊರೆಯವರು ಒಟ್ಟಾಗಿ ನಿಂತರು. ಭಾವಚಿತ್ರವಿದ್ದ ಭಿತ್ತಿಪತ್ರಗಳನ್ನು ಎಲ್ಲೆಡೆ ಅಂಟಿಸಿದರು. ಡಿ. ಎನ್. ನಗರ ಠಾಣೆಯಲ್ಲಿ ಸಹಾಯಕ ಸಬ್‌ಇನ್ಸ್‌ಪೆಕ್ಟರ್ ಆಗಿದ್ದ ರಾಜೇಂದ್ರ ಭೋಸಲೆಯವರು ತನಿಖೆ ಕೈಗೊಂಡರು. 2008ರಿಂದ 2015ರವರೆಗೆ ಆ ಠಾಣೆಯಲ್ಲಿ ದಾಖಲಾಗಿದ್ದ, ಕಾಣೆಯಾದ 166 ಹುಡುಗಿಯರ ಪೈಕಿ 165 ಮಂದಿಯನ್ನು ಅವರೂ ಅವರ ಸಹೋದ್ಯೋಗಿಗಳೂ ಪತ್ತೆಹಚ್ಚಿದರು. ಸಿಗದೆ ಉಳಿದವಳು ಈಕೆ ಒಬ್ಬಳೇ. 2015ರಲ್ಲಿ ನಿವೃತ್ತರಾದ ಮೇಲೆಯೂ ಆಕೆಯ ಭಾವಚಿತ್ರವನ್ನು ಜತೆಯಲ್ಲಿಟ್ಟುಕೊಂಡು ಭೋಸಲೆಯವರು ವಿಚಾರಿಸುತ್ತಲೇ ಇದ್ದರು.

2022ರ ಆಗಸ್ಟ್ 4ರಂದು, ಹದಿನಾರು ವರ್ಷದ ಹುಡುಗಿಯಾಗಿ ಆಕೆ ತಾಯಿಯನ್ನು ಸೇರಿದಳು. ಪೋಲೀಸರ ಹೇಳಿಕೆಯಂತೆ, ಮಕ್ಕಳಿಲ್ಲದ ದಂಪತಿಗಳು ಆಕೆಯನ್ನು ಕರೆದೊಯ್ದಿದ್ದರು. ಹುಡುಕಾಟದ ಗದ್ದಲ ಹೆಚ್ಚಿದಾಗ ಹೆದರಿ ರಾಯಚೂರಿನ ವಿದ್ಯಾರ್ಥಿನಿಲಯವೊಂದಕ್ಕೆ ಸೇರಿಸಿದ್ದರು. ತಮಗೇ ಮಗುವಾದ ಬಳಿಕ ಅದನ್ನು ನೋಡಿಕೊಳ್ಳಲು ಮತ್ತೆ ಮುಂಬಯಿಗೆ ಕರೆತಂದಿದ್ದರು. ಕೊನೆಗೆ ಆಕೆ ವಾಸವಾಗಿದ್ದದ್ದು ತನ್ನ ಹೆತ್ತವರ ಮನೆಯಿಂದ ಸುಮಾರು ಅರ್ಧ ಕಿಲೋಮೀಟರು ದೂರದಲ್ಲಿ! ಮನೆಗೆಲಸದ ಹೆಂಗಸೊಬ್ಬಳು ಆಕೆಯ ಕಥೆಯನ್ನು ಕಿವಿಗೊಟ್ಟು ಕೇಳಿ ನೆರವಿಗೆ ನಿಂತಳು. ಹಳೆಯ ಭಿತ್ತಿಪತ್ರದ ಚಿತ್ರ ಅಂತರ್ಜಾಲದಲ್ಲಿ ಸಿಕ್ಕಿತು. ಅದರಲ್ಲಿದ್ದ ಐದು ದೂರವಾಣಿ ಸಂಖ್ಯೆಗಳಲ್ಲಿ ನಾಲ್ಕು ನಿಂತುಹೋಗಿದ್ದವು. ಐದನೆಯದು ನೆರೆಯವನೊಬ್ಬನದು, ಅದೊಂದು ಮಾತ್ರ ಜೀವಂತವಾಗಿತ್ತು.

ಆ ನೆರೆಯವನು ತನ್ನ ಸಂಖ್ಯೆಯನ್ನು ಬದಲಾಯಿಸಿದ್ದಿದ್ದರೆ? ಒಂದು ಸಮುದಾಯ ಕಾಣೆಯಾದ ಮಗುವಿಗಾಗಿ ಏನು ಮಾಡಬಲ್ಲುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಆದರೆ ಈ ಸಂತೋಷವೂ ಪೂರ್ಣವಾದುದಲ್ಲ. ಮಗಳ ಮುಖವನ್ನು ಮತ್ತೆ ಕಾಣದೆಯೇ ಆಕೆಯ ತಂದೆ ತೀರಿಕೊಂಡಿದ್ದರು.

ಎಂದೂ ಉತ್ತರ ದೊರೆಯದಾಗ

ಅಂಧೇರಿಯ ಮನೆಗೆ ತಡವಾಗಿಯಾದರೂ ಉತ್ತರ ದೊರೆಯಿತು. ಅದೂ ದೊರೆಯದ ಮನೆಗಳಿವೆ. 1966ರ ಜನವರಿ 26ರಂದು ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ ಬ್ಯೂಮಾಂಟ್ ಕುಟುಂಬದ ಮೂವರು ಮಕ್ಕಳು ಬಸ್ಸು ಹತ್ತಿ ಹತ್ತಿರದ ಗ್ಲೆನೆಲ್ಗ್ ಕಡಲತೀರಕ್ಕೆ ಹೋದರು. ಹಿರಿಯಳಿಗೆ ಒಂಬತ್ತು, ಕಿರಿಯವನಿಗೆ ನಾಲ್ಕು ವರ್ಷ. ಅವರು ಮರಳಲಿಲ್ಲ, ಇಂದಿಗೂ ಅವರ ಕುರುಹು ಸಿಕ್ಕಿಲ್ಲ. ಮಕ್ಕಳು ಎಂದಾದರೂ ಬಂದರೆ ಮನೆ ಗುರುತು ಸಿಗಲೆಂದು ಹೆತ್ತವರು ವರ್ಷಗಟ್ಟಲೆ ಅದೇ ಮನೆಯಲ್ಲಿ ಉಳಿದರು. ತಾಯಿ 2019ರಲ್ಲಿ, ತಂದೆ 2023ರಲ್ಲಿ ತೀರಿಕೊಂಡರು. ಮಕ್ಕಳನ್ನು ನಿಶ್ಚಿಂತೆಯಿಂದ ಹೊರಗೆ ಕಳುಹಿಸುತ್ತಿದ್ದ ಒಂದು ದೇಶದ ತಾಯ್ತಂದೆಯರ ಮನೋಭಾವವೇ ಆ ಒಂದು ದಿನದಿಂದ ಬದಲಾಯಿತೆಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ.

ಭಾರತದಲ್ಲಿ ನಿಠಾರಿಯ ಹೆಸರನ್ನು ಮರೆಯಲಾಗದು. ದೆಹಲಿಯ ಬಳಿಯ ನೋಯಿಡಾದ ಈ ಹಳ್ಳಿಯಿಂದ ವಲಸೆಗಾರರ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾದರು. ದೂರು ಕೊಡಲು ಹೋದ ಬಡ ತಂದೆತಾಯಿಗಳ ಮಾತಿಗೆ ಬೆಲೆ ಸಿಗಲಿಲ್ಲ. 2006ರ ಡಿಸೆಂಬರಿನಲ್ಲಿ ಮನೆಯೊಂದರ ಹಿಂದಿನ ಚರಂಡಿಯಲ್ಲಿ ಅವಶೇಷಗಳು ಸಿಕ್ಕವು. ಶಿಕ್ಷೆಗಳು ಪ್ರಕಟವಾದವು, ಮೇಲ್ಮನವಿಗಳಲ್ಲಿ ಬಿದ್ದುಹೋದವು. 2025ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊನೆಯ ಪ್ರಕರಣದಲ್ಲಿಯೂ ಆರೋಪಿಯನ್ನು ಖುಲಾಸೆ ಮಾಡಿತು. ಮಕ್ಕಳನ್ನು ಕೊಂದವರು ಯಾರು ಎಂಬ ಪ್ರಶ್ನೆ ಆ ಮನೆಗಳಲ್ಲಿ ಹಾಗೆಯೇ ಉಳಿದಿದೆ.

ಮನಸ್ಸಿಗೂ ದೇಹಕ್ಕೂ ಆಗುವುದೇನು?

ಅಮೆರಿಕದ ಕುಟುಂಬ ಚಿಕಿತ್ಸಾತಜ್ಞೆ ಪಾಲಿನ್ ಬಾಸ್ ಅವರು 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಸಂಸಾರಗಳನ್ನು ಅಧ್ಯಯನ ಮಾಡಿ, ಈ ಬಗೆಯ ದುಃಖಕ್ಕೆ ಪ್ರತ್ಯೇಕ ಹೆಸರನ್ನು ಕೊಟ್ಟರು. ಕನ್ನಡದಲ್ಲಿ ಅದನ್ನು ‘ಅನಿಶ್ಚಿತ ಅಗಲಿಕೆ’ ಎನ್ನಬಹುದು. ವ್ಯಕ್ತಿ ಕಣ್ಣೆದುರಿಗಿಲ್ಲ, ಮನಸ್ಸಿನಿಂದ ಹೋಗಿಯೂ ಇಲ್ಲ. ಸಾಮಾನ್ಯ ಶೋಕವು ಕಾಲಕ್ರಮದಲ್ಲಿ ಇಳಿಯುತ್ತದೆ. ಇಲ್ಲಿ ಪ್ರತಿಯೊಂದು ಕರೆಗಂಟೆಯೂ ಪ್ರತಿಯೊಂದು ಹಬ್ಬವೂ ಗಾಯವನ್ನು ಮತ್ತೆ ತೆರೆಯುತ್ತದೆ. ಅಳುವುದು ಮಗುವನ್ನು ಕೈಬಿಟ್ಟಂತೆ ಎನಿಸಿದರೆ, ನಗುವುದು ಅಪರಾಧವೆನಿಸುತ್ತದೆ.

ನಿದ್ರಾಹೀನತೆ, ಹಸಿವು ಕೆಡುವುದು, ಎದೆಬಡಿತ, ಖಿನ್ನತೆ, ‘ಅಂದು ತಾನೇ ಕರೆದುಕೊಂಡು ಹೋಗಿದ್ದರೆ’ ಎಂಬ ಕೊನೆಯಿಲ್ಲದ ಆತ್ಮನಿಂದೆ ಇವು ಹೆತ್ತವರಲ್ಲಿ ಕಂಡುಬರುವ ಲಕ್ಷಣಗಳು. ಮಧುಮೇಹ, ರಕ್ತದೊತ್ತಡ ಇದ್ದವರು ತಮ್ಮ ಔಷಧಿಯನ್ನೇ ಅಲಕ್ಷಿಸಬಹುದು. ಒಬ್ಬರು ಹುಡುಕಾಟ ಮುಂದುವರಿಸಬೇಕೆನ್ನುತ್ತಾರೆ, ಇನ್ನೊಬ್ಬರಿಗೆ ಇನ್ನು ಸಾಕೆನಿಸುತ್ತದೆ. ಈ ಭೇದದಿಂದ ಗಂಡಹೆಂಡಿರ ನಡುವೆ ಬಿರುಕು ಬೀಳುತ್ತದೆ. ಮನೆಯಲ್ಲಿ ಉಳಿದ ಮಗುವಿನ ಪಾಡು ಇನ್ನೂ ಸೂಕ್ಷ್ಮವಾದುದು. ಅದು ಹೊಸಿಲು ದಾಟದಂತೆ ಕಾವಲಿಗೆ ಒಳಗಾಗುತ್ತದೆ. ಇಲ್ಲವೆ ಹೋದವರ ನೆನಪಿನಲ್ಲಿ ಇದ್ದವರೇ ಮರೆತುಹೋಗುತ್ತಾರೆ.

ಕಾಯಿಲೆ ಆ ಮನೆಯ ಗೋಡೆಯೊಳಗೆ ನಿಲ್ಲುವುದಿಲ್ಲ. ಗುರುತಿಲ್ಲದವರ ಮೇಲೆ ಸಂಶಯ ಹುಟ್ಟುತ್ತದೆ. 2018ರಲ್ಲಿ ‘ಮಕ್ಕಳ ಕಳ್ಳರು’ ಎಂಬ ಸುಳ್ಳು ಸುದ್ದಿ ಮೊಬೈಲುಗಳಲ್ಲಿ ಹರಡಿ, ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಐವರು ಅಮಾಯಕರನ್ನು ಜನರೇ ಹೊಡೆದು ಕೊಂದರು. ಮಕ್ಕಳ ಮೇಲಿನ ಪ್ರೀತಿ ಭಯದ ಕೈಗೆ ಸಿಕ್ಕಿದರೆ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಇದು ಸಾಕ್ಷಿ.

ಮೊದಲ ಗಂಟೆಗಳಲ್ಲಿ

ಇಪ್ಪತ್ತನಾಲ್ಕು ಗಂಟೆ ಕಾದು ದೂರು ಕೊಡಬೇಕೆಂಬುದು ತಪ್ಪು ತಿಳಿವಳಿಕೆ. 2013ರ ಮೇ 10ರಂದು ಸರ್ವೋಚ್ಚ ನ್ಯಾಯಾಲಯವು ‘ಬಚಪನ್ ಬಚಾವೋ ಆಂದೋಲನ’ದ ಅರ್ಜಿಯ ಮೇಲೆ ನೀಡಿದ ಆದೇಶದಂತೆ, ಹದಿನೆಂಟು ವರ್ಷದೊಳಗಿನವರು ಕಾಣೆಯಾದ ಪ್ರತಿಯೊಂದು ದೂರನ್ನೂ ಅಪಹರಣ ಅಥವಾ ಸಾಗಾಣಿಕೆಯೆಂದೇ ಭಾವಿಸಿ ಪ್ರಥಮ ಮಾಹಿತಿ ವರದಿಯನ್ನು ದಾಖಲಿಸಬೇಕು. ಘಟನೆ ಯಾವ ಎಲ್ಲೆಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ತುರ್ತು ಸಂಖ್ಯೆ 112. ಮಕ್ಕಳ ಸಹಾಯವಾಣಿ 1098, ಇದು 1996ರಲ್ಲಿ ಆರಂಭವಾದದ್ದು ಮುಂಬಯಿಯಲ್ಲಿಯೇ. ರೈಲ್ವೆಯ ಆವರಣದಲ್ಲಾದರೆ 139. ಮಗುವಿನ ಇತ್ತೀಚಿನ ಭಾವಚಿತ್ರ, ಆಧಾರ್ ವಿವರ, ಮೈಮೇಲಿನ ಗುರುತುಗಳು ಪ್ರತಿಯೊಂದು ಮನೆಯಲ್ಲಿಯೂ ಸಿದ್ಧವಿರಲಿ. ಮನೆಯವರ ದೂರವಾಣಿ ಸಂಖ್ಯೆ, ಊರು, ಕೇರಿ ಇವನ್ನು ಮಗುವಿಗೆ ಬಾಯಿಪಾಠ ಮಾಡಿಸಬೇಕು. ಮನೆಯಲ್ಲಿ ಕನ್ನಡವೋ ತುಳುವೋ ಆಡುವ ಮಗು ಅದನ್ನು ಮರಾಠಿ, ಹಿಂದಿಯಲ್ಲಿಯೂ ಹೇಳಬಲ್ಲುದಾಗಿರಬೇಕು.

ವರ್ಷಗಳು ಕಳೆದ ಮೇಲೆ

ಆರಂಭದಲ್ಲಿ ಎಲ್ಲರೂ ಬರುತ್ತಾರೆ. ಕ್ರಮೇಣ, ಏನು ಮಾತನಾಡಬೇಕೆಂದು ತೋಚದೆ, ಆ ಮನೆಯ ದಾರಿಯನ್ನೇ ತಪ್ಪಿಸುತ್ತಾರೆ. ಇದು ಎರಡನೆಯ ಅಗಲಿಕೆ. ‘ಇನ್ನು ಮರೆತುಬಿಡಿ’ ಎಂಬ ಬುದ್ಧಿವಾದವೂ ‘ಖಂಡಿತ ಬರುತ್ತಾನೆ’ ಎಂಬ ಸುಳ್ಳು ಭರವಸೆಯೂ ಸಮಾನವಾಗಿ ನೋಯಿಸುತ್ತವೆ. ಮಗು ಬರಬಹುದು, ಬಾರದಿರಲೂಬಹುದು ಎಂಬ ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿದು ಬದುಕಲು ಕಲಿಯುವುದೇ ಬಾಸ್ ಅವರು ಸೂಚಿಸುವ ದಾರಿ. ಇಂದು ಅಡಿಗೆ ಮಾಡುವುದು, ಕೆಲಸಕ್ಕೆ ಹೋಗುವುದು, ಇನ್ನೊಂದು ಮಗುವಿನ ಹುಟ್ಟುಹಬ್ಬ ಆಚರಿಸುವುದು ಕಾಣೆಯಾದ ಮಗುವಿಗೆ ಬಗೆಯುವ ದ್ರೋಹವಲ್ಲ. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದು ಕಾಣೆಯಾದ ಕಾರ್ಮಿಕರ ಮನೆಯವರನ್ನು, ಆ ಕಾರ್ಮಿಕರ ಸಂಘದ ನೆರವಿನಿಂದ ಒಂದೆಡೆ ಕೂಡಿಸಿ ಅವರು ನೆರವಾದರು. ತಜ್ಞರ ಕೋಣೆಯಲ್ಲಿ ಒಂಟಿಯಾಗಿ ಕೂತವರಿಗಿಂತ, ತಮ್ಮವರ ನಡುವೆ ಕೂತವರಿಗೆ ಮಾತು ಸುಲಭವಾಗಿ ಬರುತ್ತದೆ.

ಪರವೂರಿನಲ್ಲಿ ಕನ್ನಡ ಸಂಘವೊಂದು ಮಾಡಬಹುದಾದ ಕೆಲಸ ಇದೇ. ಭಾಷೆ ಬಾರದ ತಾಯಿಯೊಡನೆ ಠಾಣೆಗೆ ಒಬ್ಬರು ಹೋಗಬೇಕು. ಪ್ರಕರಣ ಯಾವ ಹಂತದಲ್ಲಿದೆಯೆಂದು ಆಗಾಗ ವಿಚಾರಿಸಬೇಕು. ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ಅದು ಮಾನವ ಸಾಗಾಣಿಕೆ ತಡೆ ಘಟಕಕ್ಕೆ ಹೋಗಬೇಕೆಂಬ ನಿಯಮವಿದೆ. ಭಿತ್ತಿಪತ್ರದಲ್ಲಿ ಮನೆಯವರದಲ್ಲದೆ ಸಂಘದ ಸಂಖ್ಯೆಯೂ ಇರಲಿ, ಅದು ಎಂದೂ ಬದಲಾಗದಿರಲಿ. ನಿದ್ರೆಗೆಟ್ಟವರಿಗೆ, ಬದುಕು ಬೇಡವೆನ್ನುವವರಿಗೆ 14416 ಎಂಬ ‘ಟೆಲಿ ಮಾನಸ್’ ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಉಚಿತ ಸಲಹೆ ದೊರೆಯುತ್ತದೆಂಬುದನ್ನು ತಿಳಿಸಬೇಕು. ಹಬ್ಬಕ್ಕೆ ಆ ಮನೆಯವರನ್ನು ಕರೆಯಬೇಕು. ಬಾರದಿದ್ದರೆ ಮರುವರ್ಷವೂ ಕರೆಯಬೇಕು. ಮಗುವಿನ ಹೆಸರನ್ನು ಅವರೆದುರಿಗೆ ಎತ್ತಲು ಅಂಜಬಾರದು. ಆ ಹೆಸರನ್ನು ಬೇರೆ ಯಾರಾದರೂ ಉಚ್ಚರಿಸುವುದನ್ನು ಕೇಳಲು ಆ ತಾಯಿ ವರ್ಷಗಳಿಂದ ಕಾದಿರುತ್ತಾಳೆ.