ಲೆಕ್ಕಕ್ಕೆ ಸಿಗದ ಒಂದು ಸಂಜೆ

ಕಳೆದ ತಿಂಗಳು ದಾವಣಗೆರೆಯಿಂದ ಅಕ್ಕ ಕರೆ ಮಾಡಿದ್ದಳು. ಆಕೆಯ ಮಗಳಿಗೆ ಮ್ಯಾಂಚೆಸ್ಟರ್‌ನಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಪ್ರವೇಶ ದೊರೆತಿದೆ. ಶುಲ್ಕ, ವೀಸಾ, ವಸತಿಯ ಮಾತುಗಳೆಲ್ಲ ಮುಗಿದ ಮೇಲೆ ಅಕ್ಕ ದನಿ ತಗ್ಗಿಸಿ ಕೇಳಿದಳು: ‘ಅಲ್ಲಿ ದಾರೀಲೇ ಚಾಕು ಹಾಕ್ತಾರಂತಲ್ಲೋ, ವಾಟ್ಸ್‌ಆ್ಯಪ್‌ನಲ್ಲಿ ದಿನಾ ಬರುತ್ತೆ. ನೀನು ಇಪ್ಪತ್ತೈದು ವರ್ಷದಿಂದ ಅಲ್ಲೇ ಇದ್ದೀಯ. ನಿಜ ಹೇಳು, ಹುಡುಗೀನ ಕಳಿಸಬಹುದಾ?’

ಮಕ್ಕಳನ್ನು ವಿದೇಶಕ್ಕೆ ಕಳುಹಿಸುವ ಪ್ರತಿ ಮನೆಯಲ್ಲೂ ಏಳುವ ಪ್ರಶ್ನೆ ಇದು. ಉತ್ತರಿಸಬೇಕಾದರೆ ಮೊದಲು ಅಪರಾಧವೆಂದರೆ ಯಾವುದು, ಅದನ್ನು ಎಣಿಸುವವರು ಯಾರು ಎಂಬುದನ್ನು ತಿಳಿಯಬೇಕಾಗುತ್ತದೆ.

ನಾನು ಹೌಸ್ ಸರ್ಜನ್ ಆಗಿದ್ದ ದಿನಗಳಲ್ಲಿ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕೀಟನಾಶಕ ಕುಡಿದ ರೈತರನ್ನು ಹೊತ್ತು ತರುತ್ತಿದ್ದರು. ಹೊಟ್ಟೆ ತೊಳೆದು, ಅಟ್ರೋಪಿನ್ ಕೊಟ್ಟ ಬಳಿಕ ನನ್ನ ಮುಂದಿನ ಕೆಲಸವೆಂದರೆ ಎಂಎಲ್‌ಸಿ ಪುಸ್ತಕದಲ್ಲಿ ಬರೆದು ಪೊಲೀಸರಿಗೆ ತಿಳಿಸುವುದು. ಆಗ ಆತ್ಮಹತ್ಯಾ ಯತ್ನವು ಭಾರತೀಯ ದಂಡ ಸಂಹಿತೆಯ 309ನೇ ಸೆಕ್ಷನ್ ಪ್ರಕಾರ ಅಪರಾಧ. ‘ಔಷಧಿ ಅಂತ ತಿಳಿದು ಕುಡಿದುಬಿಟ್ಟರು, ಹಾಗೇ ಬರೀರಿ ಸಾರ್’ ಎಂದು ಹೆಂಡಂದಿರು ಕೈಮುಗಿಯುತ್ತಿದ್ದರು. ಇಂಗ್ಲೆಂಡಿನಲ್ಲಿ ಅದೇ ಕೃತ್ಯವು 1961ರಲ್ಲೇ ಅಪರಾಧದ ಪಟ್ಟಿಯಿಂದ ಹೊರಬಿದ್ದಿತ್ತು. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆ ಸೆಕ್ಷನ್ನಿನ ಹಲ್ಲು ಕಿತ್ತಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಹಳೆಯ ರೂಪದಲ್ಲಿ ಉಳಿದಿಲ್ಲ. ಮನುಷ್ಯನ ಸಂಕಟ ಅದೇ ಆಗಿದ್ದರೂ ಅದಕ್ಕಿಟ್ಟ ಹೆಸರು ಬದಲಾಯಿತು. ಹೆಸರಿನೊಡನೆ ಅಂಕಿಸಂಖ್ಯೆಯೂ ಬದಲಾಯಿತು.

ಎಣಿಕೆಗೂ ಎರಡು ದಾರಿಗಳಿವೆ. ಮೊದಲನೆಯದು ಪೊಲೀಸರ ದಾಖಲೆ. ಭಾರತದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸುವ ವರದಿಯೂ ದಾಖಲಾದ ಪ್ರಕರಣಗಳನ್ನೇ ಆಧರಿಸಿದೆ. ಅಲ್ಲಿ ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದ ಒಂದನ್ನು ಮಾತ್ರ ಎಣಿಸುತ್ತಾರೆ. ಎರಡನೆಯ ದಾರಿ ಜನರನ್ನೇ ಕೇಳುವುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1982ರಿಂದ ಇಂಥ ಸಮೀಕ್ಷೆ ನಡೆಯುತ್ತಿದೆ. ಯಾದೃಚ್ಛಿಕವಾಗಿ ಆಯ್ದ ಮನೆಗಳಲ್ಲಿ, ಹಿಂದಿನ 12 ತಿಂಗಳಲ್ಲಿ ನಿಮಗೇನಾಯಿತು ಎಂದು ವಿಚಾರಿಸುತ್ತಾರೆ. ಈ ಸಮೀಕ್ಷೆಯ ಪ್ರಕಾರ ಇಲ್ಲಿನ ಸಾಂಪ್ರದಾಯಿಕ ಅಪರಾಧಗಳು 1995ರ ಸುಮಾರಿಗೆ ಶಿಖರ ಮುಟ್ಟಿ, ಆ ಬಳಿಕ ಬಹುಮಟ್ಟಿಗೆ ಇಳಿದಿವೆ. ಆದರೆ ವಂಚನೆ ಮತ್ತು ಕಂಪ್ಯೂಟರ್ ಅಪರಾಧಗಳ ಕುರಿತ ಪ್ರಶ್ನೆಗಳು ಅದರಲ್ಲಿ ಸೇರಿದ್ದು 2015ರಲ್ಲಿ. ಸೇರಿದೊಡನೆ ಹೊಸದೊಂದು ಅಪರಾಧಲೋಕವೇ ಲೆಕ್ಕಕ್ಕೆ ಬಂತು.

ಆ ಸಮೀಕ್ಷೆಯ ನೆನಪು ನನಗೆ ವೈಯಕ್ತಿಕವಾದುದು. ಹದಿನೆಂಟು ವರ್ಷಗಳ ಹಿಂದೆ, ಡಿಸೆಂಬರಿನ ಒಂದು ಸಂಜೆ, ಪಾಳಿ ಮುಗಿಸಿ ಬಸ್ಸಿಗಾಗಿ ನಿಂತಿದ್ದೆ. ಮೂವರು ಯುವಕರು ನನ್ನ ಮೈಬಣ್ಣವನ್ನು ಹಿಡಿದು ಬೈದು, ಚೀಲ ಕಿತ್ತುಕೊಂಡು, ತಳ್ಳಿ ಹೋದರು. ಮಣಿಕಟ್ಟು ಉಳುಕಿತ್ತು. ನಾನು ಪೊಲೀಸರಿಗೆ ದೂರು ಕೊಡಲಿಲ್ಲ. ಅದರಿಂದ ಏನೂ ಆಗದೆಂಬ ಉದಾಸೀನ ಒಂದು ಕಾರಣ. ಸುದ್ದಿ ಹೇಗೋ ಊರು ಮುಟ್ಟಿದರೆ ಅಮ್ಮ ಊಟ ಬಿಡುತ್ತಾಳೆಂಬ ಅಳುಕು ಮತ್ತೊಂದು. ಕೆಲವು ತಿಂಗಳ ಬಳಿಕ ಸಮೀಕ್ಷೆಯ ಮಹಿಳೆಯೊಬ್ಬರು ನಮ್ಮ ಮನೆಗೆ ಬಂದು ಪ್ರಶ್ನೆ ಕೇಳಿದಾಗ, ಆ ಸಂಜೆಯ ಬಗ್ಗೆ ಹೊರಗಿನವರೊಬ್ಬರ ಮುಂದೆ ಮೊದಲ ಬಾರಿ ಬಾಯಿಬಿಟ್ಟೆ. ಪೊಲೀಸರ ಲೆಕ್ಕದಲ್ಲಿ ನಾನಿಲ್ಲ, ಸಮೀಕ್ಷೆಯ ಲೆಕ್ಕದಲ್ಲಿದ್ದೇನೆ. ಅಮ್ಮ ತೀರಿಕೊಂಡು ಆರು ವರ್ಷವಾಯಿತು. ಅವಳ ಲೆಕ್ಕದಲ್ಲಿ ಕೊನೆಗೂ ನಾನು ಇರಲಿಲ್ಲ.

ಕೊಲೆಯ ಅಂಕಿಯಾದರೂ ನಂಬಲರ್ಹವಲ್ಲವೇ ಎಂದು ಓದುಗರು ಕೇಳಬಹುದು. ಆರು ಕೋಟಿ ಜನರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇತ್ತೀಚಿನ ವರ್ಷಗಳಲ್ಲಿ ಸುಮಾರು 500ರಿಂದ 600 ನರಹತ್ಯೆಗಳು ದಾಖಲಾಗುತ್ತಿವೆ. ಆದರೆ 2002-03ರ ಸಂಖ್ಯೆ ಸಾವಿರ ದಾಟಿದೆ. ಆ ವರ್ಷ ಬೀದಿಗಳಲ್ಲಿ ವಿಶೇಷವಾದದ್ದೇನೂ ನಡೆದಿರಲಿಲ್ಲ. ಹಿಂದಿನ ದಶಕಗಳಲ್ಲಿ ಸಹಜ ಸಾವೆಂದು ದಾಖಲಾಗಿದ್ದ 170ಕ್ಕೂ ಹೆಚ್ಚು ಮರಣಗಳು ಆ ವರ್ಷದ ಕೊಲೆಯ ಲೆಕ್ಕಕ್ಕೆ ಸೇರಿದವು. ಕೊಂದವನು ಮ್ಯಾಂಚೆಸ್ಟರ್ ಬಳಿಯ ಹೈಡ್ ಪಟ್ಟಣದ ಕುಟುಂಬವೈದ್ಯ ಹೆರಾಲ್ಡ್ ಶಿಪ್‌ಮನ್. 2000ದ ಜನವರಿ 31ರಂದು ನ್ಯಾಯಾಲಯ ಅವನನ್ನು 15 ಕೊಲೆಗಳಿಗೆ ದೋಷಿಯೆಂದಿತು. ಅನಂತರ ನಡೆದ ವಿಚಾರಣಾ ಆಯೋಗವು 2002ರಲ್ಲಿ 215 ಬಲಿಗಳನ್ನು ಗುರುತಿಸಿತು.

ಅದೇ ವರ್ಷ ನಾನು ಈ ದೇಶಕ್ಕೆ ಬಂದಿಳಿದವನು. ವೃದ್ಧೆಯೊಬ್ಬರಿಗೆ ಮಾರ್ಫಿನ್ ಕೊಡಹೋದಾಗ ಆಕೆಯ ಮಗಳು ನನ್ನ ಕೈಯಲ್ಲಿದ್ದ ಸಿರಿಂಜನ್ನೇ ನೋಡುತ್ತ, ‘ಅದರಲ್ಲಿ ಏನಿದೆ, ಎಷ್ಟಿದೆ?’ ಎಂದು ಕೇಳಿದ್ದು ನೆನಪಿದೆ. ನೋವಾಯಿತು, ಆದರೆ ಆಕೆ ಕೇಳಿದ್ದು ತಪ್ಪೆನಿಸಲಿಲ್ಲ. ಶಿಪ್‌ಮನ್‌ನನ್ನು ಹೈಡ್‌ನ ಜನ ಒಳ್ಳೆಯ ಡಾಕ್ಟರೆಂದು ಮೆಚ್ಚಿದ್ದರು. ಕೊಲೆಗಾರನ ಯಾವ ಕಲ್ಪಿತ ಚಿತ್ರಕ್ಕೂ ಅವನು ಒಗ್ಗುತ್ತಿರಲಿಲ್ಲ.

ಅಪರಾಧ ಮನೋವಿಜ್ಞಾನದಲ್ಲಿ ಪ್ರೊಫೈಲಿಂಗ್ ಎನ್ನುವುದು ಇಂಥ ಚಿತ್ರ ಬಿಡಿಸುವ ವಿದ್ಯೆ. ಕೃತ್ಯದ ಸ್ಥಳ, ವೇಳೆ, ರೀತಿಗಳಿಂದ ಅಪರಿಚಿತ ಅಪರಾಧಿಯ ವಯಸ್ಸು, ಉದ್ಯೋಗ, ವಾಸಸ್ಥಾನಗಳನ್ನು ಊಹಿಸುತ್ತಾರೆ. 1986ರಲ್ಲಿ ಲಂಡನ್ನಿನ ರೈಲು ನಿಲ್ದಾಣಗಳ ಸುತ್ತ ನಡೆದ ಅತ್ಯಾಚಾರ ಮತ್ತು ಕೊಲೆಗಳ ತನಿಖೆಯಲ್ಲಿ ಮನೋವಿಜ್ಞಾನಿ ಡೇವಿಡ್ ಕ್ಯಾಂಟರ್ ಕೃತ್ಯಗಳ ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸಿ, ಅಪರಾಧಿಯ ವಾಸದ ಪ್ರದೇಶವನ್ನು ಊಹಿಸಿದರು. ಪೊಲೀಸರ ಉದ್ದನೆಯ ಶಂಕಿತರ ಪಟ್ಟಿಯಲ್ಲಿದ್ದ ಜಾನ್ ಡಫಿಯ ಕಡೆಗೆ ಗಮನ ಹರಿಯಲು ಅದು ನೆರವಾಯಿತು.

ಅದೇ ವಿದ್ಯೆ ಇನ್ನೊಮ್ಮೆ ದಾರಿ ತಪ್ಪಿಸಿತು. 1992ರ ಜುಲೈನಲ್ಲಿ ಲಂಡನ್ನಿನ ವಿಂಬಲ್ಡನ್ ಕಾಮನ್‌ನಲ್ಲಿ ಯುವತಾಯಿಯೊಬ್ಬಳು ತನ್ನ ಪುಟ್ಟ ಮಗನ ಎದುರೇ ಕೊಲೆಯಾದಳು. ಪ್ರೊಫೈಲ್‌ಗೆ ಹೊಂದುತ್ತಾನೆಂದು ಸಮೀಪದಲ್ಲೇ ವಾಸವಿದ್ದ ಒಬ್ಬನನ್ನು ಗುರಿಮಾಡಿ, ವೇಷ ಮರೆಸಿದ ಮಹಿಳಾ ಪೊಲೀಸ್ ಅಧಿಕಾರಿಯೊಬ್ಬರಿಂದ ತಿಂಗಳುಗಟ್ಟಲೆ ಅವನ ಸ್ನೇಹ ಮಾಡಿಸಿದರು. 1994ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶರು ಆ ಸಾಕ್ಷ್ಯವನ್ನು ತಳ್ಳಿಹಾಕಿ ಅವನನ್ನು ಬಿಡುಗಡೆ ಮಾಡಿದರು. ಅಷ್ಟರಲ್ಲಿ ನಿಜವಾದ ಹಂತಕನು 1993ರ ನವೆಂಬರ್‌ನಲ್ಲಿ ಇನ್ನೊಬ್ಬ ತಾಯಿಯನ್ನೂ ಆಕೆಯ ನಾಲ್ಕು ವರ್ಷದ ಮಗಳನ್ನೂ ಕೊಂದಾಗಿತ್ತು. ಡಿಎನ್‌ಎ ಸಾಕ್ಷ್ಯದ ಮುಂದೆ ಅವನು ವಿಂಬಲ್ಡನ್ ಕೃತ್ಯವನ್ನು ಒಪ್ಪಿಕೊಂಡದ್ದು 2008ರಲ್ಲಿ.

ಶಿಪ್‌ಮನ್‌ನ ವಿಷಯದಲ್ಲಿ ಮೊದಲ ಅನುಮಾನಗಳಲ್ಲೊಂದು ಹುಟ್ಟಿದ್ದು ಎಣಿಕೆಯಿಂದ. ಅಲ್ಲಿ ದಹನಕ್ಕೆ ಇನ್ನೊಬ್ಬ ವೈದ್ಯರ ಸಹಿಯೂ ಬೇಕಿತ್ತು. ಸಹಿಗೆ ಬರುವ ಅರ್ಜಿಗಳು ತೀರ ಹೆಚ್ಚಾದವೆಂದು ನೆರೆಯ ಚಿಕಿತ್ಸಾಲಯದ ವೈದ್ಯೆಯೊಬ್ಬರು 1998ರ ಮಾರ್ಚ್‌ನಲ್ಲಿ ಅಧಿಕಾರಿಗಳ ಗಮನಕ್ಕೆ ತಂದರು. ಪೊಲೀಸರು ಮೇಲುಮೇಲೆ ವಿಚಾರಿಸಿ ಕೈಬಿಟ್ಟರು. ಸೆಪ್ಟೆಂಬರ್‌ನಲ್ಲಿ ಬಂಧನವಾಗುವುದರೊಳಗೆ ಇನ್ನೂ ಮೂವರು ಬಲಿಯಾದರು. 2024ರ ಸೆಪ್ಟೆಂಬರ್ 9ರಿಂದ ಇಲ್ಲಿ ಕರೋನರ್ ತನಿಖೆಗೆ ಹೋಗದ ಪ್ರತಿ ಸಾವನ್ನೂ ಚಿಕಿತ್ಸೆಯಲ್ಲಿ ಪಾಲಿಲ್ಲದ ಸ್ವತಂತ್ರ ವೈದ್ಯರೊಬ್ಬರು ಪರಿಶೀಲಿಸಬೇಕೆಂಬುದು ಕಾನೂನು. ಈಗ ನಾನು ಬರೆಯುವ ಮರಣಪತ್ರವೂ ಅವರ ಕಣ್ಣಿನಡಿ ಹಾದುಹೋಗುತ್ತದೆ.

ಇದನ್ನೆಲ್ಲ ಅಕ್ಕನಿಗೆ ನನಗೆ ತಿಳಿದಷ್ಟು ಸರಳವಾಗಿ ಹೇಳಿದೆ. ಕೊಲೆಗಿಂತ, ಸುಳ್ಳು ಬಾಡಿಗೆ ಜಾಹೀರಾತು ಹಾಕಿ ಮುಂಗಡ ಕಸಿಯುವವರು, ವೀಸಾ ಅಧಿಕಾರಿಯೆಂದು ಫೋನ್ ಮಾಡಿ ಬೆದರಿಸುವವರು ವಿದ್ಯಾರ್ಥಿಗಳಿಗೆ ಹೆಚ್ಚು ಹತ್ತಿರದ ಅಪಾಯವೆಂದೆ. ತುರ್ತು ಸಂದರ್ಭಕ್ಕೆ 999, ಉಳಿದ ದೂರಿಗೆ 101 ಎಂದು ಬರೆಸಿದೆ. ಕೊನೆಗೆ, ಬಸ್ ನಿಲ್ದಾಣದ ಆ ಸಂಜೆಯನ್ನೂ ಹೇಳಿದೆ.

ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ‘ಅವತ್ತೇ ಯಾಕೆ ಹೇಳಲಿಲ್ಲ?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಪಕ್ಕದಲ್ಲಿದ್ದ ಸೊಸೆ ಫೋನ್ ತೆಗೆದುಕೊಂಡು, ‘ಮಾವ, ನಂಗೆ ಏನಾದ್ರೂ ಆದ್ರೆ ನಾನು ಹೇಳ್ತೀನಿ. ಪೊಲೀಸರಿಗೂ, ಅಮ್ಮನಿಗೂ’ ಎಂದಳು. ಸೆಪ್ಟೆಂಬರ್‌ನಲ್ಲಿ ಅವಳನ್ನು ಕರೆತರಲು ಮ್ಯಾಂಚೆಸ್ಟರ್ ವಿಮಾನ ನಿಲ್ದಾಣಕ್ಕೆ ಹೋಗುವವನಿದ್ದೇನೆ.