ಮೆಟ್ಟಿಲುಗದ್ದೆಯ ಹುಣಿ

ಮಳೆಗಾಲವು ಹಿಂದೆಗೆದು ಏಣೆಲು ಬೆಳೆ ಕೊಯ್ಲಿಗೆ ಬರುವ ಅಕ್ಟೋಬರ್ ತಿಂಗಳಿನಲ್ಲಿ ಬಂಟ್ವಾಳದಿಂದ ಬೆಳ್ತಂಗಡಿಗೆ, ಅಲ್ಲಿಂದ ವೇಣೂರಿನ ಮಾರ್ಗವಾಗಿ ಮೂಡುಬಿದಿರೆಗೆ ಪ್ರಯಾಣ ಮಾಡುವವರಿಗೆ, ಗುಡ್ಡದ ಇಳಿಜಾರಿನಲ್ಲಿ ಒಂದರ ಕೆಳಗೊಂದಾಗಿ ಇಳಿದುಬರುವ ಹೊಂಬಣ್ಣದ ಗದ್ದೆಗಳು ಅಲ್ಲಲ್ಲಿ ಕಾಣಸಿಗುತ್ತವೆ. ಮೇಲಿನವು ಬೆಟ್ಟುಗದ್ದೆಗಳು, ನಡುವಿನವು ಮಜಲು, ತಗ್ಗಿನವು ಬೈಲು. 1801ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಗ್ರಂಥದಲ್ಲಿ ಈ ಮೂರು ಬಗೆಗಳನ್ನು ವಿವರಿಸಿದ್ದಾನೆ. ಬೆಟ್ಟಿನಲ್ಲಿ ಮಳೆಯನ್ನೇ ನಂಬಿ ಒಂದು ಬೆಳೆ. ಮಜಲಿನಲ್ಲಿ ಏಣೆಲಿನ ಬಳಿಕ ಸುಗ್ಗಿ. ಬೈಲಿನಲ್ಲಿ ನೀರಿದ್ದರೆ ಕೊಳಕೆಯೆಂಬ ಮೂರನೆಯದೂ ಉಂಟು.

ನೋಟವು ರಮಣೀಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಭೌತಶಾಸ್ತ್ರದ ವಿದ್ಯಾರ್ಥಿಯು ತೆನೆಗಿಂತ ಮೊದಲು ಹುಣಿಯನ್ನು ನೋಡಬೇಕು. ಹತ್ತು ಸೆಂಟ್ಸ್ ಗದ್ದೆಯಲ್ಲಿ 5 ಸೆಂಟಿಮೀಟರ್ ನೀರು ನಿಂತರೆ ಅದರ ತೂಕ ಸುಮಾರು 20 ಟನ್. ಇಷ್ಟು ನೀರನ್ನು ಒಂದು ಗೇಣಗಲದ ಮಣ್ಣಿನ ಹುಣಿಯು ತಡೆಯುವುದೆಂತು? ದ್ರವದ ಒತ್ತಡವು ಅದರ ಆಳವನ್ನು ಅವಲಂಬಿಸುತ್ತದೆಯೇ ಹೊರತು ಹರವನ್ನಲ್ಲ. ಗದ್ದೆಯು ಒಂದು ಎಕರೆಯಷ್ಟಿದ್ದರೂ ಹುಣಿಯ ಒಂದೊಂದು ಅಡಿಯ ಮೇಲೆ ಬೀಳುವ ನೂಕು ಅಷ್ಟೆ.

ನಿಜವಾದ ಪರೀಕ್ಷೆ ಇರುವುದು ಹುಣಿಯ ಕೆಳಗೆ, ಮೇಲಿನ ಗದ್ದೆಗೂ ಕೆಳಗಿನ ಗದ್ದೆಗೂ ನಡುವಣ ಕಡಿದಾದ ಬರೆಯಲ್ಲಿ. ಅದರ ಬೆನ್ನಿಗೆ ನೀರು ಕುಡಿದ ಮಣ್ಣು ಒತ್ತಿ ನಿಂತಿರುತ್ತದೆ. ಈ ನೂಕು ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎತ್ತರ ಇಮ್ಮಡಿಯಾದರೆ ನೂಕು ನಾಲ್ಮಡಿ. 10 ಮೀಟರಿಗೆ 1 ಮೀಟರ್ ಇಳಿಯುವ ಗುಡ್ಡವನ್ನು ಭಾವಿಸಿರಿ. ಅಲ್ಲಿ 10 ಮೀಟರ್ ಅಗಲದ ಗದ್ದೆಗೆ 1 ಮೀಟರ್ ಬರೆ ಬೇಕು. ಅಗಲವನ್ನು 5 ಮೀಟರಿಗೆ ಇಳಿಸಿದರೆ ಅರ್ಧ ಮೀಟರ್ ಸಾಕು, ನೂಕು ಕಾಲುಪಾಲಾಗುತ್ತದೆ. ಇಳಿಜಾರು ಕಡಿದಾದಂತೆ ಗದ್ದೆಗಳು ಕಿರಿದಾಗಿ ಮೆಟ್ಟಿಲುಗಳು ಹೆಚ್ಚುವುದು ಇದರಿಂದಲೇ. ಸೂತ್ರವನ್ನು ಬರೆಯದೆಯೂ ನಮ್ಮ ಹಿರಿಯರು ಅದನ್ನು ಬಲ್ಲವರಾಗಿದ್ದರು.

ಕೊಯ್ಲಿಗೆ ಕೆಲವು ದಿನ ಮೊದಲು ಕಂಡಿಯನ್ನು ಬಿಡಿಸಿ ನೀರನ್ನು ಹರಿಯಗೊಡುತ್ತಾರೆ. ಬೆಟ್ಟುಗದ್ದೆ ಬೇಗನೆ ಒಣಗುತ್ತದೆ. ಬೈಲಿನಲ್ಲಿಯಾದರೋ ಕಾಲು ಹೂಳುವ ಕೆಸರು. ಮೇಲೆ ಇಂಗಿದ ನೀರು ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ನಿಧಾನವಾಗಿ ಜಿನುಗಿ ಬರಲು ವಾರಗಳೇ ಬೇಕು. ಸುಗ್ಗಿಯ ಪೈರು ಕುಡಿಯುವುದು ಬಹುಮಟ್ಟಿಗೆ ಈ ತಡವಾಗಿ ಬಂದ ಮಳೆಯನ್ನೇ.

ಈಗ ಅನೇಕ ಗದ್ದೆಗಳು ಅಡಕೆ ತೋಟಗಳಾಗಿವೆ. ಆಳಿನ ಖರ್ಚು ಹುಟ್ಟದ ಬೆಟ್ಟುಗದ್ದೆಗಳು ಹಡಿಲು ಬಿದ್ದಿವೆ. ಹಡಿಲು ಬಿದ್ದ ಗದ್ದೆಯ ಹುಣಿಯಲ್ಲಿ ಏಡಿ ತೋಡಿದ ಬಿಲವನ್ನು ಮುಚ್ಚುವವರಿಲ್ಲ. ಬಿಲದಲ್ಲಿ ನುಗ್ಗಿದ ನೀರು ಮಣ್ಣನ್ನು ಕೊಚ್ಚುತ್ತದೆ, ಬಿಲ ಹಿರಿದಾದಷ್ಟೂ ನೀರಿನ ರಭಸ ಹೆಚ್ಚುತ್ತದೆ. ಕೊನೆಗೆ ಬರೆ ಕುಸಿದು ಆ ನೀರು, ಮಣ್ಣುಗಳೆರಡೂ ಕೆಳಗಿನ ಗದ್ದೆಯ ಮೇಲೆ ಬೀಳುತ್ತವೆ. ಆದುದರಿಂದ ಕೆಳಗೆ ಇನ್ನೂ ಬೇಸಾಯ ಮಾಡುತ್ತಿರುವವನು ಮಳೆಗೆ ಮುನ್ನ ಗುದ್ದಲಿ ಹಿಡಿದು, ತನ್ನದಲ್ಲದ ಮೇಲಿನ ಹುಣಿಗೂ ಕೆಸರು ಮೆತ್ತಬೇಕಾಗುತ್ತದೆ.