ಕುಳಿತು ಏಳುವಷ್ಟರಲ್ಲಿ ಮುಗಿಯುವ ವಿಮಾನಯಾನ

ವಿಮಾನ ಹತ್ತಿ, ಬೆಲ್ಟ್ ಕಟ್ಟಿಕೊಂಡು, ಕಿಟಕಿಯಿಂದ ಒಮ್ಮೆ ಕೆಳಗೆ ಇಣುಕುವಷ್ಟರಲ್ಲಿ ಇಳಿಯುವ ಊರು ಬಂದುಬಿಟ್ಟರೆ ಹೇಗಿರುತ್ತದೆ? ಸ್ಕಾಟ್ಲೆಂಡಿನ ಉತ್ತರ ತುದಿಯಾಚೆ ಇರುವ ಆರ್ಕ್ನಿ ದ್ವೀಪಸಮೂಹದಲ್ಲಿ ಇದು ದಿನನಿತ್ಯದ ಸಂಗತಿ.

ಅಲ್ಲಿನ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ದ್ವೀಪಗಳ ವಿಮಾನ ನಿಲ್ದಾಣಗಳ ನಡುವಿನ ದೂರ ಬರೀ 2.7 ಕಿ.ಮೀ. ವೇಳಾಪಟ್ಟಿಯ ಪ್ರಕಾರ ಪ್ರಯಾಣದ ಅವಧಿ ಎರಡು ನಿಮಿಷ. 53 ಸೆಕೆಂಡುಗಳಲ್ಲೇ ಆಚೆ ಮುಟ್ಟಿದ ದಾಖಲೆಯೂ ಇದೆ. 1967ರಲ್ಲಿ ಲೋಗನ್‌ಏರ್ ಸಂಸ್ಥೆ ಆರಂಭಿಸಿದ ಈ ಹಾರಾಟ, ಜಗತ್ತಿನ ಅತಿ ಚಿಕ್ಕ ನಿಯಮಿತ ವಿಮಾನಯಾನ ಎಂದು ಹೆಸರಾಗಿದೆ. ಓಡುವುದು ಐಲ್ಯಾಂಡರ್ ಎಂಬ ಎರಡು ಎಂಜಿನಿನ ಪುಟ್ಟ ವಿಮಾನ. ಎಂಟು ಮಂದಿ ಕೂರಬಹುದು.

ಇಲ್ಲೊಂದು ಸಣ್ಣ ಲೆಕ್ಕವಿದೆ. ಎರಡು ನಿಮಿಷಕ್ಕೆ 2.7 ಕಿ.ಮೀ. ಎಂದರೆ ಗಂಟೆಗೆ 81 ಕಿ.ಮೀ. ವೇಗವಾಯಿತು. ಹೆದ್ದಾರಿಯಲ್ಲಿ ಕಾರೂ ಇಷ್ಟು ಓಡುತ್ತದೆ! ಆದರೆ ಇದೇ ವಿಮಾನ ಗಂಟೆಗೆ 200 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಹಾರಬಲ್ಲದು. ಹಾಗಾದರೆ ಉಳಿದ ವೇಗ ಎಲ್ಲಿ ಹೋಯಿತು?

ನಕ್ಷೆಯ ಮೇಲಿನ ದೂರ ನೇರ ಗೆರೆಯದು. ವಿಮಾನ ಹಾಗೆ ಹೋಗಲಾರದು. ಸಾಧ್ಯವಾದಷ್ಟು ಗಾಳಿಗೆ ಎದುರಾಗಿಯೇ ಮೇಲೇರಬೇಕು, ಗಾಳಿಗೆ ಎದುರಾಗಿಯೇ ಇಳಿಯಬೇಕು. ಓಡುದಾರಿಯ ದಿಕ್ಕು ಬೇರೆಯಾದರೆ ಸುತ್ತು ಹೊಡೆಯಬೇಕು. ದೂರದ ಪ್ರಯಾಣದಲ್ಲಿ ಈ ನಿಮಿಷಗಳು ಲೆಕ್ಕಕ್ಕೇ ಬರುವುದಿಲ್ಲ. ಹತ್ತಿರದ ಪ್ರಯಾಣದಲ್ಲಿ ಅವೇ ಬಹುಪಾಲು. ಗಾಳಿ ಅನುಕೂಲವಾಗಿ, ಸುತ್ತು ತಪ್ಪಿದರೆ ಮಾತ್ರ ನಿಮಿಷದೊಳಗೆ ಇಳಿಯಲು ಸಾಧ್ಯ.

ಇಷ್ಟು ಹತ್ತಿರಕ್ಕೆ ವಿಮಾನ ಏಕೆ ಎಂದು ಯಾರಾದರೂ ಕೇಳಬಹುದು. ಈ ಎರಡು ದ್ವೀಪಗಳ ನಡುವೆ ಸೇತುವೆಯಿಲ್ಲ. ದೋಣಿಯಲ್ಲಿ ದಾಟಲು ಸುಮಾರು 25 ನಿಮಿಷ ಬೇಕು. ಸಮುದ್ರ ಕೆರಳಿದರೆ ಅದೂ ಇಲ್ಲ. ಪಾಪಾ ವೆಸ್ಟ್ರೇಯ ಜನಸಂಖ್ಯೆ ನೂರಕ್ಕೂ ಕಡಿಮೆ. ದೊಡ್ಡ ಆಸ್ಪತ್ರೆ ಇರುವುದು ಆರ್ಕ್ನಿಯ ಮುಖ್ಯ ಪಟ್ಟಣ ಕರ್ಕ್‌ವಾಲ್‌ನಲ್ಲಿ. ಎರಡು ನಿಮಿಷದ ಈ ಹಾರಾಟ, ನಿಜವಾಗಿ ಕರ್ಕ್‌ವಾಲ್‌ನಿಂದ ಹೊರಟು ದ್ವೀಪಗಳನ್ನು ಮುಟ್ಟಿ ಬರುವ ಸೇವೆಯ ಒಂದು ತುಂಡು. ಕರ್ಕ್‌ವಾಲ್‌ನಿಂದ ವೆಸ್ಟ್ರೇಗೆ ಹಡಗಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ. ವಿಮಾನದಲ್ಲಿ ಕಾಲು ಗಂಟೆ. ಶಿಕ್ಷಕರು, ವೈದ್ಯರು, ರೋಗಿಗಳು ಇದನ್ನೇ ನಂಬಿದ್ದಾರೆ. ದಾಖಲೆಯ ಹಾರಾಟದ ಮೋಜಿಗೆಂದು ಬರುವ ಪ್ರವಾಸಿಗರದು ಬೇರೆ ಮಾತು.

ಎಂಟು ಸೀಟಿನ ವಿಮಾನ ಟಿಕೆಟ್ ಹಣದಿಂದಲೇ ನಡೆಯದು. ಅದಕ್ಕಾಗಿ ಆರ್ಕ್ನಿಯ ಸ್ಥಳೀಯ ಆಡಳಿತ ಸಹಾಯಧನ ನೀಡುತ್ತದೆ. ಲಾಭವಿಲ್ಲವೆಂದು ಕೊನೆಯ ಊರಿನ ಬಸ್ಸು ನಿಂತಾಗ ಏನಾಗುತ್ತದೆಂದು ಬಲ್ಲವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಊರು ಎಷ್ಟು ದೂರ ಎಂಬುದನ್ನು ಕಿಲೋಮೀಟರ್ ಹೇಳುವುದಿಲ್ಲ, ಅಲ್ಲಿಗೆ ಹೋಗುವ ವಾಹನ ಹೇಳುತ್ತದೆ.